ಅಕ್ಷರದ ಸುಳಿವಿನಿಂದ ಪದಶೋಧನೆ

ಒಂದು ಪದದಲ್ಲಿ ಎಷ್ಟು ಅಕ್ಷರಗಳಿವೆ, ಅವುಗಳಲ್ಲಿ ಯಾವ್ಯಾವು ಗೊತ್ತು, ಗೊತ್ತಿರುವವು ಎಷ್ಟನೆಯ ಸ್ಥಾನದಲ್ಲಿವೆ ಎಂಬಷ್ಟನ್ನೇ ಹಿಡಿದು ಪೂರ್ತಿ ಪದವನ್ನು ಕಂಡುಹಿಡಿಯುವ ವಿಧಾನ. ನಿಘಂಟು ತೆರೆಯುವವರಿಗೆ ಸಾಮಾನ್ಯವಾಗಿ ಪದ ಗೊತ್ತಿರುತ್ತದೆ, ಅರ್ಥ ಬೇಕಾಗಿರುತ್ತದೆ. ಇಲ್ಲಿ ಪದವೇ ಕಾಣೆ. ಅದರ ಅಳತೆ ಮತ್ತು ಒಂದೆರಡು ಗುರುತು ಮಾತ್ರ ಕೈಯಲ್ಲಿರುತ್ತವೆ. ಇಂಗ್ಲಿಷಿನಲ್ಲಿ ಇದು 20ನೆಯ ಶತಮಾನದ ಆಟಗಳ ಜೊತೆ ಬೆಳೆದ ವಿದ್ಯೆ. ಕನ್ನಡದಲ್ಲಿ ಪ್ರಾಸಕ್ಕೆ ಪದ ಅರಸುವ ಕವಿ, ೞಕಾರದ ಪಟ್ಟಿ ಮಾಡಿದ ವೈಯಾಕರಣ, ಹುಳು ತಿಂದ ಓಲೆಗರಿಯನ್ನು ಓದುವ ಸಂಪಾದಕ ಇದನ್ನು ಬಹಳ ಹಿಂದಿನಿಂದಲೇ ಮಾಡುತ್ತ ಬಂದಿದ್ದಾರೆ. ಈ ಎರಡು ಪರಂಪರೆಗಳನ್ನು ಬೇರೆ ಮಾಡುವುದು ಎಣಿಕೆಯ ಘಟಕ. ಇಂಗ್ಲಿಷಿಗೆಂದು ಮಾಡಿದ ಸಲಕರಣೆಗಳು ಕನ್ನಡದಲ್ಲಿ ಎಡವುವುದೂ ಅಲ್ಲಿಯೇ.

ಎಣಿಕೆಯ ಘಟಕ

ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಘೋಣಸಗಿ ಎಂಬ ಊರಿನ ಹೆಸರನ್ನೇ ನೋಡಬಹುದು. ಕನ್ನಡ ಕಲಿತ ಮಗು ಘೋ, ಣ, ಸ, ಗಿ ಎಂದು ನಾಲ್ಕು ಬೆರಳು ಮಡಿಸುತ್ತದೆ. ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಜಿ, ಎಚ್, ಒ, ಎನ್, ಎ, ಎಸ್, ಎ, ಜಿ, ಐ ಎಂದು 9 ಅಕ್ಷರ. ಕಂಪ್ಯೂಟರಿನ ಕಣ್ಣಿಗೆ ಅದು ಘ, ಓತ್ವ, ಣ, ಸ, ಗ, ಗುಡಿಸು ಎಂಬ 6 ಸಂಕೇತಗಳ ಸಾಲು. ಅದೇ ಜಿಲ್ಲೆಯ ಬಬಲೇಶ್ವರದ ಲೆಕ್ಕ ಕ್ರಮವಾಗಿ 5, 11, 8. ತಿಕೋಟಾದ್ದು 3, 6, 6. ‘ಐದು ಅಕ್ಷರದ ಪದ’ ಎಂದು ಯಾರಾದರೂ ಕೇಳಿದಾಗ ಯಾವ ಎಣಿಕೆ ಎಂದು ಮೊದಲು ಗೊತ್ತುಮಾಡಿಕೊಳ್ಳದಿದ್ದರೆ ಹುಡುಕಾಟ ಶುರುವಾಗುವ ಮೊದಲೇ ದಾರಿ ತಪ್ಪುತ್ತದೆ.

ಇಂಗ್ಲಿಷ್ ಪದಬಂಧದ ಒಂದು ಚೌಕದಲ್ಲಿ ಕೂರಬಹುದಾದ ಚಿಹ್ನೆಗಳು 26 ಮಾತ್ರ. ಕನ್ನಡದ ಚೌಕದಲ್ಲಿ 34 ವ್ಯಂಜನಗಳ ಮೇಲೆ 13 ಸ್ವರಗಳು ಕೂಡಿದರೆ ಕಾಗುಣಿತವೇ 442 ರೂಪಗಳಾಗುತ್ತದೆ. ಅನುಸ್ವಾರ ಮತ್ತು ಒತ್ತಕ್ಷರಗಳು ಸೇರಿದರೆ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ಹೀಗಾಗಿ ಕನ್ನಡದಲ್ಲಿ ತಿಳಿದಿರುವ ಒಂದೇ ಅಕ್ಷರ ಬಹಳ ದೊಡ್ಡ ಸುಳಿವು. ‘ಜಿ’ಯಿಂದ ಆರಂಭ ಎಂದರೆ ಇಂಗ್ಲಿಷ್ ನಿಘಂಟಿನಲ್ಲಿ ಸಾವಿರಾರು ಪದಗಳು ಉಳಿಯುತ್ತವೆ, ‘ಘೋ’ದಿಂದ ಆರಂಭ ಎಂದರೆ ಕನ್ನಡ ನಿಘಂಟಿನಲ್ಲಿ ಘೋರ, ಘೋಷ, ಘೋಷಣೆ, ಘೋಟಕ ಮತ್ತು ಅವುಗಳ ಬಳಗ ಬಿಟ್ಟರೆ ಹೆಚ್ಚಿನದೇನೂ ಉಳಿಯುವುದಿಲ್ಲ.

ಇಂಗ್ಲಿಷಿನಲ್ಲಿ

1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಪ್ರಕಟಿಸಿದ ವಜ್ರಾಕಾರದ ಒಗಟನ್ನು ಆಧುನಿಕ ಪದಬಂಧದ ಮೊದಲನೆಯದೆಂದು ಪರಿಗಣಿಸಲಾಗಿದೆ. ಆ ಆಟ ಹಬ್ಬಿದ ಮೇಲೆ ಪದಗಳನ್ನು ಅಕಾರಾದಿಯ ಜೊತೆಗೆ ಉದ್ದದ ಪ್ರಕಾರವೂ ವಿಂಗಡಿಸಿದ ಪಟ್ಟಿಗಳು ಮಾರುಕಟ್ಟೆಗೆ ಬಂದವು. ಮುಂದೆ ಆಲ್ಫ್ರೆಡ್ ಬಟ್ಸ್ ಪತ್ರಿಕೆಯ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಸ್ಕ್ರ್ಯಾಬಲ್ ಆಟದ 100 ಬಿಲ್ಲೆಗಳನ್ನು ಹಂಚಿದರು: ‘ಇ’ಗೆ 12 ಬಿಲ್ಲೆ, ‘ಕ್ಯೂ’ ಮತ್ತು ‘ಝಡ್’ಗಳಿಗೆ ತಲಾ ಒಂದೇ ಬಿಲ್ಲೆ ಮತ್ತು 10 ಅಂಕ. ಜಾಶ್ ವಾರ್ಡಲ್ 2021ರಲ್ಲಿ ಹೊರತಂದ ವರ್ಡಲ್ ಐದಕ್ಷರದ ಪದವನ್ನು ಆರು ಯತ್ನಗಳಲ್ಲಿ ಊಹಿಸುವ ಆಟ; 2022ರ ಆರಂಭದಲ್ಲಿ ಅದನ್ನು ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು.

26 ಅಕ್ಷರಗಳನ್ನು ಐದು ಸ್ಥಾನಗಳಲ್ಲಿ ಮನಬಂದಂತೆ ಇಟ್ಟರೆ 1,18,81,376 ಜೋಡಣೆಗಳಾಗುತ್ತವೆ. ಅವುಗಳಲ್ಲಿ ನಿಜವಾದ ಪದಗಳು ಕೆಲವೇ ಸಾವಿರ. ಶೋಧನೆಯ ಕೆಲಸವೆಲ್ಲ ಈ ಅಂತರವನ್ನು ಬಳಸಿಕೊಳ್ಳುವುದು. ಗೊತ್ತಿಲ್ಲದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಅಥವಾ ಚುಕ್ಕೆ ಇಟ್ಟು ಪಟ್ಟಿಯನ್ನು ಜರಡಿ ಹಿಡಿಯುವುದು ಸರಳ ಕ್ರಮ. ಸ್ಥಾನ ತಿಳಿಯದೆ ಅಕ್ಷರಗಳು ಮಾತ್ರ ತಿಳಿದಿದ್ದರೆ ಅವುಗಳನ್ನು ಅಕಾರಾದಿಯಲ್ಲಿ ಜೋಡಿಸಿ ಒಂದು ಕೀಲಿ ಮಾಡಿಕೊಳ್ಳುತ್ತಾರೆ. ಲಿಸನ್, ಸೈಲೆಂಟ್, ಎನ್‌ಲಿಸ್ಟ್ ಈ ಮೂರಕ್ಕೂ ಕೀಲಿ ಒಂದೇ: ಇ, ಐ, ಎಲ್, ಎನ್, ಎಸ್, ಟಿ. ಪಟ್ಟಿಯ ಪ್ರತಿ ಪದಕ್ಕೂ ಮೊದಲೇ ಕೀಲಿ ಬರೆದಿಟ್ಟರೆ ಆರು ಅಕ್ಷರಗಳನ್ನು ಹೇಗೆ ಕಲಸಿ ಕೊಟ್ಟರೂ ಉತ್ತರ ಕೂಡಲೇ ಸಿಗುತ್ತದೆ.

ಎಲ್ಲ ಸುಳಿವುಗಳಿಗೂ ಒಂದೇ ತೂಕವಿಲ್ಲ ಎಂಬುದನ್ನು ತಿಳಿಯಲು ಒಂದು ಉದಾಹರಣೆ ಸಾಕು. ಐದು ಅಕ್ಷರ, ಮೊದಲ ಮೂರು ಜಿ, ಆರ್, ಎ, ಕೊನೆಯದು ಇ. ಐದರಲ್ಲಿ ನಾಲ್ಕು ಗೊತ್ತಾದ ಮೇಲೂ ಗ್ರೇಸ್, ಗ್ರೇಡ್, ಗ್ರೇಪ್, ಗ್ರೇಟ್, ಗ್ರೇವ್, ಗ್ರೇಜ್ ಎಂದು ಆರು ಪದಗಳು ಉಳಿಯುತ್ತವೆ. ವ್ಯತ್ಯಾಸವೆಲ್ಲ ನಾಲ್ಕನೆಯ ಅಕ್ಷರದಲ್ಲಿದೆ. ‘ತಿಕೋಟಾ ಸೀಮೆಯ ತೋಟದ ಬೆಳೆ’ ಎಂಬ ಅರ್ಥದ ಸುಳಿವು ಸೇರಿದಾಗ ಮಾತ್ರ ನಾಲ್ಕನೆಯ ಮನೆಗೆ ‘ಪಿ’ ಬಂದು ಕೂರುತ್ತದೆ. ಅದೇ ‘ಕ್ಯೂ’ನಂಥ ಅಪರೂಪದ ಅಕ್ಷರ ಒಂದಿದ್ದರೆ ಅದರ ಪಕ್ಕದ ಮನೆ ‘ಯು’ ಎಂದು ಹೆಚ್ಚುಕಡಿಮೆ ತೀರ್ಮಾನವಾದಂತೆ. ‘ಇ, ಟಿ, ಎ, ಒ, ಐ, ಎನ್’ ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ಅಕ್ಷರಗಳು. ಲೈನೊಟೈಪ್ ಯಂತ್ರದ ಕೀಲಿಮಣೆಯ ಎಡತುದಿಯ ಮೊದಲ ಲಂಬ ಸಾಲನ್ನು ಇದೇ ಕ್ರಮದಲ್ಲಿ ಜೋಡಿಸಿದ್ದರು. ಇವು ಸಿಕ್ಕರೆ ಖುಷಿಯಾಗುತ್ತದೆ, ಪ್ರಯೋಜನ ಕಡಿಮೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಪದಶೋಧನೆ ಕಷ್ಟವಾಗುವುದು ಶಬ್ದಸಂಪತ್ತಿನ ಕೊರತೆಯಿಂದ ಮಾತ್ರ ಅಲ್ಲ. ಕನ್ನಡದಲ್ಲಿ ಕೇಳಿದ ಪದವನ್ನು ಹಾಗೆಯೇ ಬರೆಯಬಹುದು. ಇಂಗ್ಲಿಷಿನಲ್ಲಿ ‘ನೈಟ್’ ಎಂಬ ಉಚ್ಚಾರಕ್ಕೆ ಐದಕ್ಷರದ ‘ರಾತ್ರಿ’ಯೂ ಇದೆ, ಮುಂದೆ ‘ಕೆ’ ಹೊತ್ತ ಆರಕ್ಷರದ ‘ಯೋಧ’ನೂ ಇದ್ದಾನೆ. ಕಿವಿಯಿಂದ ಎಣಿಸಿದರೆ ಉದ್ದ ತಪ್ಪುತ್ತದೆ. ‘ರಿದಮ್’ ಎಂಬ ಪದದಲ್ಲಿ ಎ, ಇ, ಐ, ಒ, ಯು ಒಂದೂ ಇಲ್ಲ. ಆರ್, ಎಚ್, ವೈ, ಟಿ, ಎಚ್, ಎಂ ಎಂದು ಆರು ಅಕ್ಷರ. ಮಕ್ಕಳಿಗೆ ಸ್ಪೆಲ್ಲಿಂಗ್ ಕಲಿಸುವಾಗ ಬಾಯಿಪಾಠದ ಜೊತೆಗೆ ಇಂಥ ಖಾಲಿ ಮನೆ ತುಂಬುವ ಅಭ್ಯಾಸ ಮಾಡಿಸುವುದು ಹೆಚ್ಚು ಫಲಕಾರಿ. ಉದ್ದವನ್ನು ಕಣ್ಣಿನಿಂದ ಎಣಿಸುವ ರೂಢಿ ಅದರಿಂದ ಬರುತ್ತದೆ.

ಪ್ರಾಸ ಮತ್ತು ಎರಡನೆಯ ಅಕ್ಷರ

ಹಳಗನ್ನಡ ಮತ್ತು ನಡುಗನ್ನಡ ಕಾವ್ಯದಲ್ಲಿ ಆದಿಪ್ರಾಸ ಕಡ್ಡಾಯವಾಗಿತ್ತು: ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಅದರ ಮುಂದಿನ ಸ್ವರ ಬದಲಾಗಬಹುದು, ಹಿಂದಿನ ಅಕ್ಷರದ ಲಘು–ಗುರು ಬದಲಾಗಬಾರದು. 9ನೆಯ ಶತಮಾನದ ಕವಿರಾಜಮಾರ್ಗ ಪ್ರಾಸವನ್ನು ವಿವರವಾಗಿ ಚರ್ಚಿಸುತ್ತದೆ. 10ನೆಯ ಶತಮಾನದ ನಾಗವರ್ಮನ ಛಂದೋಂಬುಧಿ ಇದನ್ನು ಆರು ಬಗೆಯಾಗಿ ವಿಂಗಡಿಸುತ್ತದೆ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವೇ ವಿಜಾತೀಯ ಒತ್ತಾಗಿದ್ದರೆ ಶರಭ, ಸಜಾತೀಯ ಒತ್ತಾಗಿದ್ದರೆ ಹಯ.

ಭಾಮಿನಿ ಷಟ್ಪದಿಯನ್ನು ಬರೆಯುವ ಕವಿಯ ಮುಂದಿರುವ ಕೆಲಸವನ್ನು ಊಹಿಸಿಕೊಳ್ಳಬೇಕು. ಮೊದಲ ಸಾಲು ‘ಜಾಣ’ ಎಂದು ಆರಂಭವಾಯಿತೆನ್ನೋಣ. ಉಳಿದ ಐದು ಸಾಲುಗಳಿಗೂ ಮೊದಲ ಅಕ್ಷರ ದೀರ್ಘ, ಎರಡನೆಯದು ಣಕಾರ ಆಗಿರುವ ಪದಗಳೇ ಬೇಕು: ಮಾಣಿಕ, ವೀಣೆ, ಬಾಣ, ಕೋಣ, ರಾಣಿ. ಅವೂ ಕಥೆಗೆ ಹೊಂದಬೇಕು, ಮಾತ್ರೆಗೆ ಹೊಂದಬೇಕು. ಗದುಗಿನ ಕುಮಾರವ್ಯಾಸ ಇದನ್ನು ಸಾವಿರಾರು ಪದ್ಯಗಳ ಉದ್ದಕ್ಕೂ ನಡೆಸಿದ. ಸ್ಥಾನ ಮತ್ತು ಅಕ್ಷರ ಹಿಡಿದು ಪದ ಹುಡುಕುವ ವಿದ್ಯೆಯಲ್ಲಿ ಇದಕ್ಕಿಂತ ದೊಡ್ಡ ಸಾಧನೆಯನ್ನು ತೋರಿಸುವುದು ಕಷ್ಟ. ಕವಿಯ ಎದುರಿಗೆ ಪಟ್ಟಿ ಇರಲಿಲ್ಲ, ನೆನಪಿನಲ್ಲಿತ್ತು. ಮಂಜೇಶ್ವರದ ಗೋವಿಂದ ಪೈ 20ನೆಯ ಶತಮಾನದ ಆರಂಭದಲ್ಲಿ ಪ್ರಾಸವನ್ನು ಬಿಟ್ಟು ಬರೆದಾಗ ಎದ್ದ ವಿವಾದದ ಕಾವೂ ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಪ್ರಾಸದ ಕಟ್ಟುನಿಟ್ಟಿನಿಂದಲೇ ಇನ್ನೊಂದು ಕೆಲಸ ಹುಟ್ಟಿತು. 13ನೆಯ ಶತಮಾನದ ಹೊತ್ತಿಗೆ ೞಕಾರ ಮಾತಿನಿಂದ ಮರೆಯಾಗಿ ಳಕಾರದಲ್ಲಿ ಬೆರೆಯುತ್ತಿತ್ತು. ಮೞೆ, ಕೋೞಿ, ಬಾೞ್, ಏೞ್ ಇವುಗಳಲ್ಲಿ ೞ. ಬೆಳೆ, ಕೇಳ್, ಒಳಗೆ ಇವುಗಳಲ್ಲಿ ಳ. ಕಿವಿಗೆ ಭೇದ ತಿಳಿಯದಿದ್ದರೆ ಪ್ರಾಸ ಕೆಡುತ್ತದೆ. ಆದ್ದರಿಂದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರವಿರುವ ಶಬ್ದಗಳನ್ನು ಒಂದೆಡೆ ಕಲೆಹಾಕಿದ. ನಿರ್ದಿಷ್ಟ ಅಕ್ಷರವೊಂದು ಒಳಗೆ ಇದೆ ಎಂಬ ಕಾರಣಕ್ಕೆ ಪದಗಳನ್ನು ಕೂಡಿಸಿದ ಕನ್ನಡದ ಬಹು ಹಳೆಯ ಪಟ್ಟಿಗಳಲ್ಲಿ ಅದೊಂದು. ಇಂದು ೞ ಬರೆಯುವವರಿಲ್ಲ. ಯಾವ ಪದದಲ್ಲಿ ಅದಿತ್ತೆಂದು ತಿಳಿಯಲು ಸಂಶೋಧಕರು ಈಗಲೂ ಕೇಶಿರಾಜನ ಬಳಿಗೇ ಹೋಗುತ್ತಾರೆ.

ಸಂಸ್ಕೃತದ ನಾನಾರ್ಥ ಕೋಶಗಳು ಇನ್ನೂ ಮುಂದೆ ಹೋಗಿದ್ದವು. ಅಮರಕೋಶದ ನಾನಾರ್ಥವರ್ಗವೇ ಕಾಂತ, ಖಾಂತ ಎಂದು ಕೊನೆಯ ವ್ಯಂಜನದ ಪ್ರಕಾರ ಜೋಡಣೆಯಾಗಿದೆ. 1111ರಲ್ಲಿ ಮಹೇಶ್ವರ ರಚಿಸಿದ ವಿಶ್ವಪ್ರಕಾಶ ಮತ್ತು ಆಮೇಲಿನ ಮೇದಿನೀಕೋಶಗಳಲ್ಲಿ ಕೊನೆಯ ವ್ಯಂಜನದ ಒಳಗೆ ಅಕ್ಷರಸಂಖ್ಯೆಯ ವಿಂಗಡಣೆಯೂ ಇದೆ: ಕಕಾರದಲ್ಲಿ ಮುಗಿಯುವ ಎರಡಕ್ಷರದ ಪದಗಳು, ಮೂರಕ್ಷರದವು, ಹೀಗೆ. ಉದ್ದ ಎಷ್ಟು, ಅಕ್ಷರ ಯಾವುದು ಎಂಬ ಇಂದಿನ ಶೋಧದ ಎರಡು ಪ್ರಶ್ನೆಗಳಿಗೂ ಅಲ್ಲಿ ಸ್ಥಾನವಿತ್ತು. ಮುದ್ರಿತ ನಿಘಂಟುಗಳು ಬಂದ ಮೇಲೆ ಅಕಾರಾದಿಯೊಂದೇ ಉಳಿದದ್ದು ಒಂದು ನಷ್ಟವೇ. 1894ರ ಕಿಟ್ಟೆಲ್ ನಿಘಂಟಾಗಲಿ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಾಗಲಿ ಮೊದಲ ಅಕ್ಷರ ಗೊತ್ತಿದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತವೆ.

ಸಂಖ್ಯೆಗೆ ಹೊಂದುವ ಪದ

ಅಕ್ಷರಗಳಿಗೆ ಅಂಕೆಯ ಬೆಲೆ ಕೊಟ್ಟು, ಬೇಕಾದ ಸಂಖ್ಯೆ ಬರುವಂತೆ ಪದ ಹುಡುಕುವುದು ಇದರ ಹತ್ತಿರದ ಬಂಧು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರಗಳು ಕಟಪಯಾದಿ ಪದ್ಧತಿಯಲ್ಲಿ ಆ ಮೇಳದ ಸಂಖ್ಯೆಯನ್ನು ಸೂಚಿಸಬೇಕು. ಶಂಕರಾಭರಣ, ಕಲ್ಯಾಣಿ ಮೊದಲೇ ರೂಢಿಯಲ್ಲಿದ್ದ ಹೆಸರುಗಳು. ಅವು ಲೆಕ್ಕಕ್ಕೆ ಕೂಡಲಿಲ್ಲ. ಧ ಎಂದರೆ 9, ರ ಎಂದರೆ 2, ತಿರುವಿ ಓದಿದರೆ 29. ಹಾಗಾಗಿ ‘ಧೀರ’ ಸೇರಿ ಧೀರಶಂಕರಾಭರಣವಾಯಿತು. ಮ 5, ಚ 6, ತಿರುವಿದರೆ 65, ಅದು ಮೇಚಕಲ್ಯಾಣಿ.

ವಿಜಯಪುರದ ಗೋಳಗುಮ್ಮಟದಲ್ಲಿ ಇಂಥದೇ ಪರ್ಷಿಯನ್ ಉದಾಹರಣೆಯಿದೆ. ದಕ್ಷಿಣ ಬಾಗಿಲಿನ ಮೇಲಿನ ಬರಹದಲ್ಲಿ ಮೂರು ಭಾಗಗಳಿವೆ. ಅಬ್ಜದ್ ಪದ್ಧತಿಯಲ್ಲಿ ಪ್ರತಿ ಭಾಗದ ಅಕ್ಷರಗಳ ಬೆಲೆಯನ್ನು ಕೂಡಿದರೆ ಹಿಜರಿ 1067, ಅಂದರೆ ಮುಹಮ್ಮದ್ ಆದಿಲ್ ಶಾಹ ತೀರಿಕೊಂಡ 1656 ಬರುತ್ತದೆ. ಅರ್ಥವೂ ಗೌರವಕ್ಕೆ ತಕ್ಕಂತಿರಬೇಕು, ಮೊತ್ತವೂ ಸರಿಯಾಗಬೇಕು, ಅದೂ ಮೂರು ಸಲ. ಗುಮ್ಮಟದ ಪಿಸುಮಾತಿನ ಮೊಗಸಾಲೆಗೆ ಏರುವ ಗಡಿಬಿಡಿಯಲ್ಲಿ ಜನ ಈ ಬಾಗಿಲ ಮೇಲೆ ಕಣ್ಣು ಹಾಯಿಸುವುದು ಕಡಿಮೆ. ನಿಂತು ನೋಡಲೇಬೇಕಾದ ಕೆಲಸ ಅದು.

ಹರಿದ ಓಲೆ, ಸವೆದ ಕಲ್ಲು

ಪದಶೋಧನೆಗೆ ನಿಜವಾದ ಗಾಂಭೀರ್ಯ ಬರುವುದು ಗ್ರಂಥಸಂಪಾದನೆಯಲ್ಲಿ ಮತ್ತು ಶಾಸನದ ಓದಿನಲ್ಲಿ. ಓಲೆಗರಿಯಲ್ಲಿ ಹುಳು ಕೊರೆದ ತೂತು, ಕಲ್ಲಿನಲ್ಲಿ ಚಕ್ಕೆ ಎದ್ದ ಜಾಗ ಇವು ಅಳತೆ ಗೊತ್ತಿರುವ ಖಾಲಿ ಮನೆಗಳು. ಶಾಸನಪಾಠವನ್ನು ಅಚ್ಚು ಮಾಡುವಾಗ ಅಳಿದ ಅಕ್ಷರಗಳ ಜಾಗಕ್ಕೆ ಚುಕ್ಕೆಗಳನ್ನು ಇಡುತ್ತಾರೆ. ಇಂದಿನ ಕಂಪ್ಯೂಟರ್ ಶೋಧದಲ್ಲಿ ಗೊತ್ತಿಲ್ಲದ ಅಕ್ಷರಕ್ಕೂ ಚುಕ್ಕೆಯೇ.

ಲುಪ್ತವಾದದ್ದು ಕಂದಪದ್ಯವಾಗಿದ್ದರೆ ಸಂಪಾದಕರ ಕೈ ಬಲವಾಗಿರುತ್ತದೆ. ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20. ಎರಡನೆಯ ಸಾಲಿನಲ್ಲಿ 16 ಮಾತ್ರೆ ಉಳಿದಿದ್ದರೆ ಕಳೆದುಹೋದದ್ದು ನಾಲ್ಕು ಮಾತ್ರೆಯ ಒಂದು ಗಣ. ಆ ಗಣ ಪದ್ಯಾರ್ಧದ ಆರನೆಯದಾಗಿದ್ದರೆ ಅದು ನಡುವೆ ಗುರುವಿರುವ ಜಗಣವಾಗಿರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ಸಾಲಿನ ಆರಂಭವೇ ಹೋಗಿದ್ದರೆ ಎರಡನೆಯ ಅಕ್ಷರದ ವ್ಯಂಜನವನ್ನು ಉಳಿದ ಮೂರು ಸಾಲುಗಳು ಹೇಳುತ್ತವೆ. ಉದ್ದ, ಲಘು–ಗುರು, ಪ್ರಾಸ, ಪ್ರಸಂಗ ನಾಲ್ಕೂ ಸೇರಿದಾಗ ಉಳಿಯುವ ಪದ ಎಷ್ಟೋ ಸಲ ಒಂದೇ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ ಕೃತಿ. ಸಿಂದಗಿ ತಾಲ್ಲೂಕಿನಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ ಶಾಸನ ಮತ್ತು ಗ್ರಂಥಸಂಪಾದನೆ ಎರಡರಲ್ಲಿಯೂ ಅದನ್ನು ಮುಂದುವರಿಸಿದರು.

ವಚನಗಳ ಮಾತು ಬೇರೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ (1880–1964) ಊರೂರು ಅಲೆದು ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಚನಕ್ಕೆ ಮಾತ್ರೆಯ ಲೆಕ್ಕವಿಲ್ಲ, ಆದಿಪ್ರಾಸದ ಕಟ್ಟಿಲ್ಲ. ನಡುವೆ ಗರಿ ಮುರಿದರೆ ಎಷ್ಟು ಅಕ್ಷರ ಹೋಯಿತೆಂದು ಜಾಗದ ಅಳತೆಯಿಂದ ಅಂದಾಜಿಸಬಹುದೇ ಹೊರತು ಛಂದಸ್ಸು ಸಾಕ್ಷಿ ಹೇಳುವುದಿಲ್ಲ. ಗಟ್ಟಿಯಾಗಿ ತುಂಬಬಹುದಾದ ಜಾಗ ಕೊನೆಯ ಅಂಕಿತವೊಂದೇ: ‘ಕೂಡಲಸಂಗಮ’ ಉಳಿದಿದ್ದರೆ ‘ದೇವ’ ಹಿಂಬಾಲಿಸುತ್ತದೆ. ಉಳಿದೆಡೆಗೆ ಬೇರೆ ಪ್ರತಿಯನ್ನೇ ಹುಡುಕಬೇಕು. ಹಳಕಟ್ಟಿಯವರು ಇಷ್ಟೊಂದು ಪ್ರತಿಗಳನ್ನು ಕೂಡಿಸಿದ್ದು ವಚನಗಳನ್ನು ಉಳಿಸಿತು ಎನ್ನುವಾಗ ಈ ಅಂಶವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪದಬಂಧ

ಪ್ರಜಾವಾಣಿ, ಸುಧಾ ಮೊದಲಾದ ಪತ್ರಿಕೆಗಳ ಮೂಲಕ ಪದಬಂಧ ಕನ್ನಡದ ಮನೆಮನೆಗೆ ಬಂತು. ‘ಎಡದಿಂದ ಬಲಕ್ಕೆ’, ‘ಮೇಲಿನಿಂದ ಕೆಳಕ್ಕೆ’ ಎಂಬ ಎರಡು ಪಟ್ಟಿಗಳು, ಸುಳಿವಿನ ಕೊನೆಗೆ ಆವರಣದಲ್ಲಿ ಅಕ್ಷರಸಂಖ್ಯೆ. ಒಂದು ಮನೆಗೆ ಒಂದು ಅಕ್ಷರ, ಅದರ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ. ಅಂಗಡಿಗೆ ಮೂರು ಮನೆ, ಸೂರ್ಯನಿಗೆ ಎರಡು, ಬಸ್ಸನ್ನು ‘ಬಸ್’ ಎಂದು ಬರೆದರೆ ಅರ್ಧಾಕ್ಷರ ‘ಸ್’ ಕೂಡ ತನ್ನದೇ ಮನೆ ಹಿಡಿದು ಎರಡು. ತಿಕೋಟಾದ ತೋಟದ ದ್ರಾಕ್ಷಿಗೂ ಎರಡೇ ಮನೆ. ಅಡ್ಡ ಪದವೂ ಉದ್ದ ಪದವೂ ಕೂಡುವ ಮನೆಯಲ್ಲಿ ಅಕ್ಷರ ಕಾಗುಣಿತ ಸಮೇತ ಒಂದೇ ಆಗಿರಬೇಕಾದ್ದರಿಂದ ರಚಿಸುವವರ ಕಷ್ಟ ಇಂಗ್ಲಿಷಿನವರಿಗಿಂತ ಹೆಚ್ಚು, ಬಿಡಿಸುವವರ ಕಷ್ಟ ಕಡಿಮೆ. ಕನ್ನಡದ ಪದಬಂಧಗಳಲ್ಲಿ ಎರಡರಿಂದ ಐದು ಅಕ್ಷರದ ಪದಗಳೇ ಹೆಚ್ಚಾಗಿರಲು ಇದೂ ಒಂದು ಕಾರಣ.

ಊರಿನ ಹೆಸರುಗಳು ಪದಬಂಧದ ಪ್ರಿಯ ಸರಕು. ‘ಗಿ’ಯಲ್ಲಿ ಮುಗಿಯುವ ಊರು ಎಂದರೆ ವಿಜಯಪುರ ಸೀಮೆಯಲ್ಲಿ ಮೂರಕ್ಷರಕ್ಕೆ ಸಿಂದಗಿ, ನಾಲ್ಕಕ್ಷರಕ್ಕೆ ಸಾಲೋಟಗಿ, ಹಲಸಂಗಿ, ಹಿಪ್ಪರಗಿ, ಘೋಣಸಗಿ, ತುಸು ಆಚೆ ಹೋದರೆ ಐದಕ್ಷರಕ್ಕೆ ಕಲಬುರಗಿ. ಮೂರನೆಯ ಮನೆಯಲ್ಲಿ ‘ಟ’ ಇದ್ದರೆ ಸಾಲೋಟಗಿ, ‘ರ’ ಇದ್ದರೆ ಹಿಪ್ಪರಗಿ. ‘ಸ’ ಮತ್ತು ‘ಸಂ’ ಬೇರೆ ಬೇರೆ ಎಂದು ಗಮನಿಸಿದವರಿಗೆ ಘೋಣಸಗಿ ಮತ್ತು ಹಲಸಂಗಿಗಳ ನಡುವೆ ಗೊಂದಲವಾಗುವುದಿಲ್ಲ. ಸ್ಥಳನಾಮಗಳ ಅಭ್ಯಾಸಿಗಳೂ ಊರುಗಳನ್ನು ಹೀಗೆ ಕೊನೆಯ ಅಕ್ಷರ ಹಿಡಿದು ಗುಂಪು ಮಾಡಿಯೇ ಕೆಲಸ ಆರಂಭಿಸುತ್ತಾರೆ.

ಕಂಪ್ಯೂಟರಿನಲ್ಲಿ ಅಕ್ಷರ

ಯೂನಿಕೋಡಿನಲ್ಲಿ ದ್ರಾಕ್ಷಿ ಎಂಬುದು ದ, ವಿರಾಮ (್), ರ, ದೀರ್ಘ, ಕ, ವಿರಾಮ, ಷ, ಗುಡಿಸು ಎಂಬ 8 ಸಂಕೇತಗಳು. ‘ಎರಡಕ್ಷರದ ಪದ ಕೊಡು’ ಎಂದರೆ ಸಾಮಾನ್ಯ ಶೋಧ ಇದನ್ನು ಎಂದೂ ಕೊಡುವುದಿಲ್ಲ. ಬಳಕೆದಾರರು ಒಂದೆಂದು ಗ್ರಹಿಸುವ ಅಕ್ಷರಗುಚ್ಛವನ್ನು ಗುರುತಿಸಲು ಯೂನಿಕೋಡ್ ಮಾನಕದಲ್ಲಿಯೇ ನಿಯಮಗಳಿವೆ. 2023ರ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಗುಚ್ಛವಾಗಿ ಹಿಡಿಯುವ ನಿಯಮ ಸೇರಿತು. ಆದರೆ ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಆ ನಿಯಮದಂತೆ ನಡೆಯುವ ತಂತ್ರಾಂಶ ದ್ರಾಕ್ಷಿಯನ್ನು ದ್, ರಾ, ಕ್, ಷಿ ಎಂದು ನಾಲ್ಕಾಗಿ ಒಡೆಯುತ್ತದೆ. ಪದಬಂಧದ ಎರಡು ಮನೆಗೆ ಅದು ಕೂಡುವುದಿಲ್ಲ.

ಇನ್ನೂ ಕೆಲವು ತೊಡಕುಗಳಿವೆ. ಘೋ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿಯೂ ಮೂರು ತುಂಡುಗಳಾಗಿಯೂ ಬರೆಯಲು ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ. ಶೋಧಕ್ಕೆ ಬೇರೆ, ಮತ್ತು ಆಗ ಘೋಣಸಗಿ 6ರ ಬದಲು 8 ಸಂಕೇತಗಳಾಗುತ್ತದೆ. ‘ರಾಜ್‌ಕುಮಾರ್’ನಂಥ ಪದಗಳಲ್ಲಿ ಒತ್ತು ಮೂಡದಂತೆ ತಡೆಯಲು ಕಾಣದ ಚಿಹ್ನೆಯೊಂದನ್ನು ಇಟ್ಟಿರುತ್ತಾರೆ; ಅದು ಎಣಿಕೆಯಲ್ಲಿ ಸೇರಿಹೋಗುತ್ತದೆ. ಯೂನಿಕೋಡಿಗೆ ಮೊದಲಿನ ನುಡಿ, ಬರಹ ಕಡತಗಳಲ್ಲಿ ಸಂಕೇತಗಳೇ ಬೇರೆಯಾಗಿರುವುದರಿಂದ ಅವನ್ನು ಮೊದಲು ಪರಿವರ್ತಿಸಿಕೊಳ್ಳಬೇಕು.

ಇದಕ್ಕೆ ಪರಿಹಾರ ಕ್ಲಿಷ್ಟವಾದದ್ದೇನೂ ಅಲ್ಲ. ಕನ್ನಡ ಅಕ್ಷರವೆಂದರೆ ಒಂದೋ ಸ್ವರ. ಇಲ್ಲವೇ ಒಂದು ವ್ಯಂಜನ, ಅದಕ್ಕೆ ವಿರಾಮದ ಮೂಲಕ ಅಂಟಿದ ಎಷ್ಟಾದರೂ ವ್ಯಂಜನಗಳು, ಕೊನೆಗೆ ಒಂದು ಸ್ವರಚಿಹ್ನೆ ಅಥವಾ ವಿರಾಮ ಇದ್ದರೆ ಅದು. ಎರಡರ ಮುಂದೆಯೂ ಅನುಸ್ವಾರ ಅಥವಾ ವಿಸರ್ಗ ಬರಬಹುದು. ಈ ಒಂದು ನಿಯಮವನ್ನು ಬರೆದುಕೊಟ್ಟರೆ ಯಾವ ಪದವನ್ನಾದರೂ ಪದಬಂಧದ ಮನೆಗಳಾಗಿ ಬಿಡಿಸಬಹುದು. ಪದಗಳ ಕಣಜವೂ ಈಗ ತೆರೆದಿದೆ: ವಿ. ಕೃಷ್ಣ ಅವರು ದಶಕಗಳ ದುಡಿಮೆಯಿಂದ ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು ಒಂದೂವರೆ ಲಕ್ಷ ನಮೂದುಗಳೊಂದಿಗೆ ಮುಕ್ತ ಪರವಾನಗಿಯಲ್ಲಿ ದೊರೆಯುತ್ತದೆ. ಪ್ರತಿ ನಮೂದನ್ನೂ ಅಕ್ಷರಗಳಾಗಿ ಬಿಡಿಸಿ, ಉದ್ದ ಮತ್ತು ಸ್ಥಾನದ ಪ್ರಕಾರ ಸೂಚಿ ಮಾಡಿಟ್ಟರೆ ‘ಮೂರಕ್ಷರ, ನಡುವೆ ಣಿ’ ಎಂಬ ಪ್ರಶ್ನೆಗೆ ಮಾಣಿಕದಂಥ ಪದಗಳು ಸಾಲಾಗಿ ಬರುತ್ತವೆ. ಊರ ಹೆಸರುಗಳು, ‘ಮನೆಯಲ್ಲಿ’, ‘ಬಂದಾಗ’ ಮುಂತಾದ ಪ್ರತ್ಯಯ ಸೇರಿದ ರೂಪಗಳು ಮತ್ತು ಸಂಧಿಯಾದ ಪದಗಳು ನಿಘಂಟಿನಲ್ಲಿ ಸಿಗುವುದಿಲ್ಲವಾದ್ದರಿಂದ ಅವುಗಳಿಗೆ ಪ್ರತ್ಯೇಕ ಪಟ್ಟಿಗಳನ್ನು ಸೇರಿಸಬೇಕಾಗುತ್ತದೆ. ಪ್ರಾಸದ ಹುಡುಕಾಟಕ್ಕಾದರೆ ಎರಡನೆಯ ಮನೆಯ ಸ್ವರವನ್ನು ಬಿಟ್ಟು ವ್ಯಂಜನವನ್ನಷ್ಟೇ ಹೋಲಿಸುವ ಇನ್ನೊಂದು ಸೂಚಿ ಬೇಕು; ಮೊದಲ ಮನೆಯ ಲಘು–ಗುರುವನ್ನೂ ಅದರಲ್ಲಿ ನಮೂದಿಸಿದರೆ ಷಟ್ಪದಿ ಬರೆಯುವವರಿಗೂ ಹಸ್ತಪ್ರತಿ ತಿದ್ದುವವರಿಗೂ ಅದೇ ಒಂದು ಸಲಕರಣೆ ಸಾಕಾಗುತ್ತದೆ.